ಇಬ್ಬರೂ ಒಟ್ಟಿಗೆ ಊರು ಬಿಟ್ಟರೆ

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಹುಳು ಮೇಯಿಸುವ ಮನೆಯ ಗಂಡ ಹೆಂಡತಿ ಒಟ್ಟಿಗೆ ನಾಲ್ಕು ದಿನ ಊರು ಬಿಟ್ಟರೆ ಅದು ಸುದ್ದಿ. ಮದುವೆಗೆ ಗಂಡ ಹೋದರೆ ತಿಥಿಗೆ ಹೆಂಡತಿ. ತಿರುಪತಿಗೆ ಈ ವರ್ಷ ಅವಳು, ಬರುವ ವರ್ಷ ಅವನು. ಇಬ್ಬರೂ ಹೊರಟರೆ ಹುಳುಮನೆ ನೋಡುವವರು ಯಾರು? ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದ ಹುಳುವಿಗೆ ನೆಂಟರಿಷ್ಟರ ಮುಲಾಜಿಲ್ಲ. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ವಾರದಲ್ಲೇ ಮುಕ್ಕುತ್ತದೆ. ಹಣ್ಣಾಗಿ ಚಂದ್ರಿಕೆ ತಟ್ಟೆ ಹತ್ತಿ, ಗೂಡು ಕಟ್ಟಿ, ಆ ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ ಕೈಗೆ ಕಾಸು ಬರುವವರೆಗೆ ಮನೆ ಬಿಡುವ ಮಾತಿಲ್ಲ. ಕಾಸು ಬರುವಷ್ಟರಲ್ಲಿ ಮುಂದಿನ ಬೆಳೆಯ ಚಾಕಿ ಹುಳು ಬಂದು ಕೂತಿರುತ್ತದೆ. ಇದರ ಮೇಲೆ ಎರಡು ಸೀಮೆಹಸು ಇದ್ದರಂತೂ ಮುಗಿಯಿತು. ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಡೈರಿಗೆ ಹಾಲು ಹಾಕಲೇಬೇಕು.

ನಮ್ಮ ಬೇಲಿಯಾಚೆಯ ಅಕ್ಕ, ಭಾವ ಹೀಗೇ ಬಾಳಿದವರು. ಮಂಡಿನೋವು ಬಂದು ಹುಳು ನಿಲ್ಲಿಸಿದ ಮೇಲೂ ಅಭ್ಯಾಸ ಹೋಗಿರಲಿಲ್ಲ, ಒಬ್ಬರು ಹೊರಟರೆ ಇನ್ನೊಬ್ಬರು ಕಾವಲು. ಅಂಥವರು ಅವರೆಕಾಯಿ ಕಾಲದಲ್ಲಿ, ಅದೂ ಸೊಗಡಿನ ಕಾಯಿ ಸಂತೆಗೆ ಬಿದ್ದಿರುವಾಗ, ಮೆಲ್ಬೋರ್ನಿನ ಮಗಳ ಮನೆಗೆ ಇಬ್ಬರೂ ಒಟ್ಟಿಗೆ ಹೊರಟರು. ಅಲ್ಲಿ ಮಗಳು ಅಳಿಯ ಇವರನ್ನು ಕ್ಯಾರವಾನಿನಲ್ಲಿ ಕೂರಿಸಿಕೊಂಡು ಸಮುದ್ರದ ದಂಡೆ ಹಿಡಿದು ಅಡಿಲೇಡ್‌ವರೆಗೆ ಕರೆದೊಯ್ದರಂತೆ. ವಾಪಸು ಬಂದಾಗಿನಿಂದ ತೊಂಡೆ ಚಪ್ಪರದ ಆ ಕಡೆ ಅಕ್ಕ, ಈ ಕಡೆ ನಾನು, ನಮ್ಮಿಬ್ಬರ ನಡುವೆ ಆಸ್ಟ್ರೇಲಿಯಾ.

“ಕೂರಿಸ್ಕೊಂಡು ಅಲ್ಲ ಕಣೇ,” ಅಂತ ಅಕ್ಕ ಮೊದಲೇ ತಿದ್ದಿದರು. “ಮನೇನ ಕಾರಿನ ಹಿಂದೆ ಕಟ್ಕೊಂಡು ಎಳ್ಕೊಂಡು ಹೋಗೋದು. ಒಳಗೆ ಮಂಚ, ಒಲೆ, ಫ್ರಿಜ್ಜು ಎಲ್ಲಾ ಐತೆ. ಆದ್ರೆ ಗಾಡಿ ಓಡೋವಾಗ ಒಳಗೆ ಒಬ್ರೂ ಇರೋ ಹಂಗಿಲ್ಲ, ಕಾನೂನು. ಮನೆ ಹಿಂದೆ, ನಾವು ಮುಂದೆ.”

ಭಾವನಿಗೆ ಇದೇ ದೊಡ್ಡ ತಕರಾರು. ಅವರು ಚಿಕ್ಕವರಿದ್ದಾಗ ಅವರಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಕಮಾನು ಗಾಡಿ ಹೂಡುತ್ತಿದ್ದರು. ಗಾಡಿಯ ಹೊಟ್ಟೆಗೆ ಹುಲ್ಲು ತುಂಬಿ, ಮೇಲೆ ಜಮಖಾನ ಹಾಸಿ, ಹೆಂಗಸರು ಮಕ್ಕಳನ್ನು ಮಲಗಿಸಿಕೊಂಡು ರಾತ್ರಿಯೆಲ್ಲ ಪ್ರಯಾಣ. ಜಾತ್ರೆಯಲ್ಲಿ ಗಾಡಿಯ ನೆರಳೇ ಮನೆ, ಮೂರು ಕಲ್ಲಿನ ಒಲೆಯೇ ಅಡುಗೆಮನೆ. ನಂದಿಯ ಭೋಗನಂದೀಶ್ವರನ ಶಿವರಾತ್ರಿ ತೇರಿಗೂ ಹೀಗೇ. “ಅದೂ ಕ್ಯಾರವಾನೇ ಅಲ್ವಾ? ನಮ್ಮದ್ರಲ್ಲಿ ಮಲ್ಕೊಂಡು ಹೋಗ್ಬೋದಿತ್ತು. ಇವ್ರದ್ದು ಲಕ್ಷಾಂತರ ರೂಪಾಯಿ ಗಾಡಿ, ಒರಗೋಕೂ ಬಿಡಲ್ಲ,” ಎಂದು ಭಾವ ಹಸುವಿನ ಕೊಟ್ಟಿಗೆಯಿಂದಲೇ ಕೂಗಿ ಹೇಳಿದರು.

ಅವರು ಹಿಡಿದ ದಾರಿ ಗ್ರೇಟ್ ಓಷನ್ ರೋಡ್. ಟಾರ್ಕಿ ಎಂಬ ಊರಿನಿಂದ ಶುರುವಾಗಿ 243 ಕಿಲೋಮೀಟರ್, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ಮೊದಲ ಮಹಾಯುದ್ಧದಿಂದ ಜೀವ ಉಳಿಸಿಕೊಂಡು ಮರಳಿದ ಸಿಪಾಯಿಗಳು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಕಡಿದ ರಸ್ತೆ ಅದು. ಮರಳಿ ಬಾರದ ತಮ್ಮ ಜೊತೆಗಾರರ ನೆನಪಿಗೆ ಕಟ್ಟಿದ್ದು. ಕಲ್ಲಿನ ಕಂಬ ನೆಟ್ಟು ಕೈತೊಳೆದುಕೊಳ್ಳದೆ, ಸತ್ತವರ ಹೆಸರಿನಲ್ಲಿ ಬದುಕಿದ್ದವರಿಗೆ ಕೆಲಸ ಕೊಟ್ಟರಲ್ಲ, ಆ ಬುದ್ಧಿ ಭಾವನಿಗೆ ಬಹಳ ಹಿಡಿಸಿತು.

ದಾರಿಯಲ್ಲಿ ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಬಂಡೆಗಳು ಸಮುದ್ರದೊಳಗೆ ನೆಟ್ಟಗೆ ನಿಂತಿವೆ. ಹೆಸರಿಗೆ ಹನ್ನೆರಡು. ಅಕ್ಕ ಎರಡೆರಡು ಸಲ ಎಣಿಸಿದರೂ ಹನ್ನೆರಡಾಗಲಿಲ್ಲ. ಹನ್ನೆರಡು ಎಂದೂ ಇರಲೇ ಇಲ್ಲವಂತೆ, ಇದ್ದವುಗಳಲ್ಲೂ ಒಂದು 2005ರಲ್ಲಿ ಕುಸಿದುಬಿತ್ತು. ಅಲೆ ಕೆಳಗಿನಿಂದ ಕೊರೆಯುತ್ತಲೇ ಇರುತ್ತದೆ, ಒಂದು ದಿನ ಬುಡ ತಡೆಯುವುದಿಲ್ಲ. “ಇವೊತ್ತು ನೋಡಿದ್ದು ನಾಳೆ ಇರಲ್ಲ ಅಂತ ಅಲ್ಲೇ ಬೋರ್ಡಲ್ಲಿ ಬರ್ದವ್ರೆ ಅಂತ ಮಗಳು ಓದಿ ಹೇಳಿದ್ಲು. ನಮ್ಮ ಬೆಟ್ಟಗಳಿಗೂ ಹಂಗೆ ಬೋರ್ಡು ಹಾಕ್ಬೇಕು. ಅಲೆ ಬದ್ಲು ಕ್ರಷರ್ರು, ಅಷ್ಟೇ ವ್ಯತ್ಯಾಸ,” ಎಂದರು ಅಕ್ಕ. ಚಿಕ್ಕಬಳ್ಳಾಪುರದ ಕಲ್ಲುಕ್ವಾರಿಗಳ ಧೂಳು ಕುಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಅಷ್ಟು ದೊಡ್ಡ ಸಮುದ್ರಕ್ಕಿಂತ ಅಕ್ಕನ ಬಾಯಲ್ಲಿ ಹೆಚ್ಚು ಬಂದದ್ದು ಕ್ಯಾರವಾನಿನ ನೀರಿನ ಟ್ಯಾಂಕು. ಕರೆಂಟು, ನಲ್ಲಿ ಇರುವ ಕ್ಯಾರವಾನ್ ಪಾರ್ಕಿನಲ್ಲಿ ನಿಲ್ಲಿಸಿದರೆ ಚಿಂತೆಯಿಲ್ಲ. ಬಯಲಲ್ಲಿ ತಂಗಿದರೆ ಟ್ಯಾಂಕಿನಲ್ಲಿರುವಷ್ಟೇ ಗತಿ. ಅಡುಗೆ, ಪಾತ್ರೆ, ಮುಖ, ಮೈ ಎಲ್ಲಕ್ಕೂ ಅದೇ.

“ಅಳಿಯಂದ್ರು ಬಂದು ಬಂದು ಹೇಳೋರು, ಅತ್ತೆ, ನೀರು ನೋಡ್ಕೊಂಡು ಬಳ್ಸಿ ಅಂತ. ನಂಗೇ ಹೇಳ್ತಾರಲ್ಲಪ್ಪಾ ಅಂತ ನಗು ಬಂತು ಕಣೇ. ಅಕ್ಕಿ ತೊಳ್ದ ನೀರು ಪಾತ್ರೆಗೆ, ಪಾತ್ರೆ ತೊಳ್ದ ನೀರು ಕಾಲು ತೊಳ್ಯೋಕೆ. ಎರಡ್ನೇ ದಿನ ಸಾಯಂಕಾಲ ಟ್ಯಾಂಕ್ ನೋಡಿ ಅವ್ರೇ ಗಾಬರಿ ಆದ್ರು, ಮೀಟರ್ ಕೆಟ್ಟೈತಾ ಅಂತ.”

ಕೆಡಲು ಮೀಟರಿಗೇನು ಬಂತು? ಪಾಲಾರ್, ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇಷ್ಟೂ ನದಿಗಳು ಹುಟ್ಟುವುದು ನಮ್ಮ ನಂದಿಯ ಸುತ್ತಿನ ಬೆಟ್ಟಗಳಲ್ಲಿ. ಹುಟ್ಟಿಸಿದ ಪುಣ್ಯ ನಮ್ಮದು, ವರ್ಷಪೂರ್ತಿ ಹರಿಯುವ ನದಿ ಮಾತ್ರ ಒಂದೂ ನಮಗಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಬಂದ ನೀರಿನಲ್ಲಿ ಫ್ಲೋರೈಡು. ಕುಡಿಯಲು ಶುದ್ಧ ನೀರಿನ ಘಟಕದ ಇಪ್ಪತ್ತು ಲೀಟರಿನ ಕ್ಯಾನು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧಿ ಮಾಡಿ ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಕೆರೆಗೆ ತುಂಬಿಸಿದರೆ, ಕೆರೆ ತುಂಬಿತಲ್ಲ ಎಂದು ನೋಡಲು ಹೋಗುವ ಜನ ನಾವು. ಬಿಂದಿಗೆ ಎಣಿಸುತ್ತಲೇ ಸಂಸಾರ ತೂಗಿಸಿದ ಹೆಂಗಸಿಗೆ ಕ್ಯಾರವಾನಿನ ಟ್ಯಾಂಕು ಯಾವ ಪರೀಕ್ಷೆ?

ಅಂಥ ಅಕ್ಕ ಬಾಯಿ ತೆರೆದು ನಿಂತದ್ದು ಮೌಂಟ್ ಗ್ಯಾಂಬಿಯರ್‌ನಲ್ಲಿ. ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ, ಹೆಸರೇ ಬ್ಲೂ ಲೇಕ್. ಚಳಿಗಾಲದಲ್ಲಿ ಬೂದಿ ಬಣ್ಣಕ್ಕಿರುವ ನೀರು ಅವರ ಬೇಸಿಗೆಯಲ್ಲಿ ಕಡುನೀಲಿಯಾಗುತ್ತದೆ. ಅವರ ಬೇಸಿಗೆ ಎಂದರೆ ನಮ್ಮ ಅವರೆಕಾಯಿ ಕಾಲ. ಆದರೆ ಅಕ್ಕನಿಗೆ ಬೆರಗು ಬಣ್ಣದ್ದಲ್ಲ, ಊರಿಗೆ ಊರೇ ಕುಡಿಯುವುದು ಆ ಕೆರೆಯ ನೀರನ್ನು ಎಂಬುದು. “ಸುತ್ತ ಬೇಲಿ. ಒಬ್ರೂ ಕಾಲು ಅದ್ದಲ್ಲ. ಒಂದು ಪ್ಲಾಸ್ಟಿಕ್ ಕವರ್ ತೋರ್ಸು ನೋಡೋಣ ಅಂದ್ರೆ ಇಲ್ಲ!”

ಭಾವನ ಕಣ್ಣು ಮರಗಳ ಮೇಲೆ. ಸಮುದ್ರ ಬಿಟ್ಟು ಕಾಡು ಹೊಕ್ಕರೆ ಎಲ್ಲಿ ನೋಡಿದರೂ ನೀಲಗಿರಿ. ಅದರ ಕವಲಿನಲ್ಲಿ ಕೋಆಲಾ ಎಂಬ ಪ್ರಾಣಿ ಅದರದೇ ಎಲೆ ತಿಂದು ದಿನದ ಮುಕ್ಕಾಲು ಪಾಲು ನಿದ್ದೆ ಹೊಡೆಯುತ್ತಿರುತ್ತದೆ. “ಇಷ್ಟು ದುಡ್ಡು ಖರ್ಚು ಮಾಡಿ ನೀಲಗಿರಿ ತೋಪು ನೋಡೋಕೆ ಬಂದ್ವಾ ಅಂದೆ ಅಳಿಯನಿಗೆ,” ಎಂದರು. ಮಾತು ಸುಳ್ಳಲ್ಲ. ನೀಲಗಿರಿಯ ತವರು ಆಸ್ಟ್ರೇಲಿಯಾ. ಟಿಪ್ಪು ಸುಲ್ತಾನ 1790ರ ಸುಮಾರಿಗೆ ಅದನ್ನು ತರಿಸಿ ನೆಡಿಸಿದ್ದು ನಮ್ಮ ನಂದಿಬೆಟ್ಟದ ತೋಟದಲ್ಲಿ ಎನ್ನುತ್ತಾರೆ. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಬೋಳುಗುಡ್ಡಗಳನ್ನೂ ರಾಗಿ ಹೊಲಗಳನ್ನೂ ಆ ಮರ ಆವರಿಸಿಕೊಂಡಿತು. ಅಂತರ್ಜಲ ಹೀರುತ್ತದೆ ಎಂಬ ದೂರು ಜೋರಾಗಿ, 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ತವರಿನಲ್ಲಿ ಅದಕ್ಕೆ ಎಲೆ ತಿನ್ನುವ ಜೀವವಿದೆ, ಸಾಕಷ್ಟು ಜಾಗವಿದೆ. ನಾವು ಸೌದೆಗೂ ಕಾಗದಕ್ಕೂ ಆಗುತ್ತದೆಂದು ಸಾಲು ಹಿಡಿದು ನೆಟ್ಟೆವು. ತಪ್ಪು ಮರದ್ದಲ್ಲ.

ಪರದೇಶದ ಗಿಡ, ಬೀಜ, ಹುಳು ಒಳಗೆ ಬಂದರೆ ಏನಾಗುತ್ತದೆ ಎಂದು ಆಸ್ಟ್ರೇಲಿಯಾದವರಿಗೆ ಚೆನ್ನಾಗಿ ಗೊತ್ತು. ವಿಮಾನ ಇಳಿದ ಕೂಡಲೇ ಚೀಲದಲ್ಲಿರುವ ತಿಂಡಿ, ಕಾಳು, ಬೀಜವನ್ನೆಲ್ಲ ಬರೆದು ಒಪ್ಪಿಸಬೇಕು. ಬಚ್ಚಿಟ್ಟರೆ ದಂಡ. ದೇಶದೊಳಗೇ ವಿಕ್ಟೋರಿಯಾ ರಾಜ್ಯದಿಂದ ದಕ್ಷಿಣ ಆಸ್ಟ್ರೇಲಿಯಾಕ್ಕೆ ದಾಟುವಾಗಲೂ ಹಣ್ಣು ಒಯ್ಯುವಂತಿಲ್ಲ. ಹಣ್ಣಿನ ನೊಣ ದಾಟದಿರಲಿ ಎಂದು ರಸ್ತೆ ಬದಿಯಲ್ಲೇ ತೊಟ್ಟಿ ಇಟ್ಟಿರುತ್ತಾರೆ. ಅಕ್ಕನ ಮಡಿಲಲ್ಲಿ ದ್ರಾಕ್ಷಿ ಪೊಟ್ಟಣ. ಚಿಕ್ಕಬಳ್ಳಾಪುರದವರಿಗೆ ದ್ರಾಕ್ಷಿ ಎಸೆ ಎಂದರೆ ಆದೀತೆ? ಕಾರು ನಿಲ್ಲಿಸಿ, ನಾಲ್ವರೂ ತೊಟ್ಟಿಯ ಮುಂದೆ ನಿಂತು ಅಷ್ಟನ್ನೂ ತಿಂದು ಮುಗಿಸಿ, ಬರೀ ತೊಟ್ಟನ್ನು ತೊಟ್ಟಿಗೆ ಹಾಕಿದರಂತೆ. “ಕಾನೂನೂ ಉಳೀತು, ದ್ರಾಕ್ಷೀನೂ ಉಳೀತು,” ಅಂತ ಭಾವನ ಶರಾ. ರುಚಿ? “ನಮ್ಮ ಬೆಂಗಳೂರು ಬ್ಲೂ ಮುಂದೆ ಏನೂ ಇಲ್ಲ.”

ಕ್ಯಾರವಾನಿನ ಒಲೆಯಲ್ಲಿ ಮುದ್ದೆ ತೊಳಸಲು ಹೋಗಿ ಗಾಡಿಯೇ ಅಲ್ಲಾಡಿತು. ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಹುರಿದರೆ ಹೊಗೆಯ ಅಲಾರಾಂ ಕಿರುಚಿಕೊಂಡಿತು. ಅಕ್ಕಪಕ್ಕದ ಗಾಡಿಗಳಿಂದ ಜನ ಓಡಿ ಬಂದರು. ಬಂದವರಲ್ಲಿ ಹೆಚ್ಚಿನವರು ತಲೆ ನರೆತ ಗಂಡ ಹೆಂಡತಿಯರು. ನಿವೃತ್ತರಾದ ಮೇಲೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುವ ಇಂಥವರನ್ನು ಅಲ್ಲಿ ‘ಗ್ರೇ ನೊಮ್ಯಾಡ್ಸ್’ ಅನ್ನುತ್ತಾರೆ. ಇಡೀ ದೇಶವನ್ನು ಬಳಸಿ ಬರುವ ಒಂದನೇ ನಂಬರ್ ಹೆದ್ದಾರಿ ಸುಮಾರು 14,500 ಕಿಲೋಮೀಟರ್. ಅದನ್ನು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಸುತ್ತುತ್ತಾರೆ. ಮುಸ್ಸಂಜೆಯಲ್ಲಿ ಕಾಂಗರೂ ರಸ್ತೆಗೆ ನೆಗೆಯುವುದರಿಂದ ಬೆಳಕಿರುವಾಗಲೇ ಗಾಡಿ ನಿಲ್ಲಿಸಿ ಕುರ್ಚಿ ಹಾಕಿಕೊಂಡು ಹರಟೆಗೆ ಕೂರುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಗೂ ಬಿಸಿಲು. ಅಲ್ಲಿನ ಗಂಡಸರು ಬೆಳಗ್ಗೆ ಎದ್ದು ಪಾಯಿಖಾನೆಯ ಪೆಟ್ಟಿಗೆ ಹಿಡಿದು ಡಂಪ್ ಪಾಯಿಂಟಿಗೆ ಸುರಿಯಲು ಸಾಲು ನಿಲ್ಲುವುದನ್ನು ನೋಡಿ ಭಾವ ಎರಡು ದಿನ ಮುಖ ತಿರುಗಿಸಿದರಂತೆ. ಮೂರನೇ ದಿನ ಅಳಿಯನ ಜೊತೆ ತಾವೂ ಹೋದರು. “ಅದ್ನ ಮಾತ್ರ ಬರೀಬೇಡ,” ಎಂದಿದ್ದಾರೆ ಭಾವ. ಬರೆಯಲೇಬೇಕು, ಅಷ್ಟು ಒಳ್ಳೆಯ ಸಂಗತಿ.

ಇದನ್ನೆಲ್ಲ ಕೇಳಿದ ಅಕ್ಕನ ಚಿಂತಾಮಣಿಯ ಬೀಗಿತ್ತಿಗೆ ಹೊಟ್ಟೆ ಉರಿಯಿತು. ಅವರೂ ಮೆಲ್ಬೋರ್ನ್ ನೋಡಿದವರೇ. ಆದರೆ ಸೊಸೆಯ ಬಾಣಂತನಕ್ಕೆಂದು ಒಬ್ಬರೇ ಹೋದರು. ಅಡುಗೆಮನೆ, ತೊಟ್ಟಿಲು, ಕಿಟಕಿ ಇಷ್ಟೇ ಅವರ ಆಸ್ಟ್ರೇಲಿಯಾ. ಅವರು ಬಂದ ಮೇಲೆ ಬೀಗರು ಹೋದರು. ಟೊಮೇಟೊ ತೋಟ ಬಿಟ್ಟು ಇಬ್ಬರೂ ಹೋಗುವುದು ಹೇಗೆ? ನಮ್ಮ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಹೀಗೆ ಪಾಳಿಯ ಮೇಲೆ ಪರದೇಶ ಕಂಡ ಅಪ್ಪ ಅಮ್ಮಂದಿರು ಎಷ್ಟೋ ಮಂದಿ. ಅಕ್ಕನ ಗೌರಿಬಿದನೂರಿನ ನಾದಿನಿಗಂತೂ ಪಕ್ಕದ ವಿದುರಾಶ್ವತ್ಥಕ್ಕೂ ಗಂಡನ ಜೊತೆ ಹೋಗಿ ಬಂದ ನೆನಪಿಲ್ಲ.

ಹೀಗಲ್ಲದವರೂ ಇದ್ದರು. ಕೊಚ್ಚಿಯಲ್ಲಿ ವಿಜಯನ್, ಮೋಹನಾ ಎಂಬ ದಂಪತಿ ಪುಟ್ಟ ಟೀ ಅಂಗಡಿ ನಡೆಸುತ್ತಲೇ ದೇಶ ದೇಶ ಸುತ್ತಿದರು. ದಿನದ ವ್ಯಾಪಾರದಲ್ಲಿ ಒಂದಿಷ್ಟು ತೆಗೆದಿಟ್ಟು, ಸಾಲ ಮಾಡಿ ಹೋಗಿ, ಬಂದು ಸಾಲ ತೀರಿಸಿ ಮತ್ತೆ ಹೊರಡುವವರು. 2019ರಲ್ಲಿ ಆಸ್ಟ್ರೇಲಿಯಾವನ್ನೂ ನೋಡಿಬಂದರು. 2021ರ ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು. ಆ ದಂಪತಿಗೆ ಬೇಕಾದಷ್ಟು ಹಣ ಎಂದೂ ಇರಲಿಲ್ಲ, ಆದರೂ ಇಬ್ಬರೂ ಸೇರಿ ಅಂಗಡಿಯ ಬಾಗಿಲು ಎಳೆಯುವ ಧೈರ್ಯವಿತ್ತು.

ಇಬ್ಬರೂ ಹೊರಡಲು ಪರದೇಶವೇ ಆಗಬೇಕೆಂದಿಲ್ಲ. ನಮ್ಮ ಕರಾವಳಿಯೂ ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರ್ ಇದೆ. ಹೆದ್ದಾರಿ 66 ಕಡಲಿನ ಪಕ್ಕದಲ್ಲೇ ಓಡುತ್ತದೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ, ಒಂದು ಕಡೆ ಸಮುದ್ರ. ಆಸ್ಟ್ರೇಲಿಯಾದ ರಸ್ತೆಗೆ ಇದು ಸೋಲುವುದಿಲ್ಲ. ಸೋಲುವುದು ನಿಲ್ಲಿಸುವ ಜಾಗದಲ್ಲಿ. ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ, ಒಂದು ನಲ್ಲಿ, ರಾತ್ರಿ ಒಂದು ದೀಪ ಇಷ್ಟಿದ್ದರೆ ಸಾಕು. ಕ್ಯಾರವಾನೇ ಬೇಕಿಲ್ಲ, ಬಾಡಿಗೆ ಓಮ್ನಿಯಲ್ಲೂ ಹೋಗಿ ಬರಬಹುದು.

ಸರ್ಕಾರ ಅದನ್ನು ಮಾಡುವಾಗ ಮಾಡಲಿ. ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಅಕ್ಕ, ಭಾವ ಹೊರಟಾಗ ಅವರ ಹಸು ಕರೆದು ಡೈರಿಗೆ ಹಾಲು ಹಾಕಿದ್ದು ನಮ್ಮನೆಯವರು, ತೊಂಡೆ ಬಳ್ಳಿಗೆ ನೀರು ಹಾಕಿದ್ದು ನಾನು. ಅದರಿಂದ ನಮಗೇನೂ ಸವೆಯಲಿಲ್ಲ. ಬರುವ ವರ್ಷ ನಾವಿಬ್ಬರೂ ಕಾರವಾರಕ್ಕೆ ಹೊರಡುವಾಗ ನಮ್ಮ ಹಸು ಅವರ ಪಾಲು ಎಂದು ಮಾತಾಗಿದೆ. ನಿಮ್ಮ ಬೇಲಿಯಾಚೆಯವರು ಒಬ್ಬರನ್ನು ಬಿಟ್ಟು ಒಬ್ಬರು ಊರಿಗೆ ಹೊರಟದ್ದು ಕಂಡರೆ, ದಯವಿಟ್ಟು ಕರೆದು ಹೇಳಿ: ಬೀಗದ ಕೈ ಕೊಡಿ, ಇಬ್ಬರೂ ಹೋಗಿ ಬನ್ನಿ, ಮನೆ ನಾವು ನೋಡಿಕೊಳ್ಳುತ್ತೇವೆ.