ಸಾಹೇಬರು ಸೀಟಿನಲ್ಲಿಲ್ಲ, ಅರಳಿ ಗಿಡವಿದೆ

ಖಾತೆ ಬದಲಾವಣೆಗೆಂದು ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ನಾಲ್ಕನೇ ಸಲ ಹೋಗಿದ್ದೆ. ಎಂದಿನಂತೆ ಸಾಹೇಬರು ಸೀಟಿನಲ್ಲಿರಲಿಲ್ಲ. ಕುರ್ಚಿಯ ಬೆನ್ನಿಗೆ ಟವೆಲ್ ಇತ್ತು, ಮೇಲೆ ಫ್ಯಾನ್ ಸುತ್ತುತ್ತಿತ್ತು. ಕಾದು ಸಾಕಾಗಿ ಕಿಟಕಿಯಾಚೆ ನೋಡಿದರೆ, ಸಜ್ಜೆಯ ಮೇಲೆ ಪೈಪು ಸೋರುವ ಜಾಗದಲ್ಲಿ, ಮೊಣಕಾಲೆತ್ತರದ ಅರಳಿ ಗಿಡವೊಂದು ಎಲೆ ಅಲ್ಲಾಡಿಸುತ್ತ ನಿಂತಿತ್ತು. ಆ ಮಹಡಿಯಲ್ಲಿ ಕೆಲಸದ ವೇಳೆಯಲ್ಲಿ ಕೆಲಸ ಮಾಡುತ್ತಿದ್ದುದು ಅದೊಂದೇ. ಅದನ್ನೇ ಮಾತಿಗೆಳೆದೆ.

ನಮಸ್ಕಾರ. ಮನುಷ್ಯರೆಲ್ಲ ಮಾಯವಾದರೆ ಭೂಮಿಯನ್ನು ನೀವು ವಶಕ್ಕೆ ತೆಗೆದುಕೊಳ್ಳುತ್ತೀರಂತೆ?

‘ಆದರೆ’ ಅಂತೀರಲ್ಲ ಸ್ವಾಮಿ! ಗಂಟೆ ಹನ್ನೊಂದೂವರೆ. ಒಳಗೆ ಕುರ್ಚಿ ಎಷ್ಟಿವೆ, ಜನ ಎಷ್ಟಿದ್ದಾರೆ ಎಣಿಸಿ ನೋಡಿ. ನಾವು ಕೆಲಸ ಶುರು ಮಾಡಿ ಬಹಳ ದಿನವಾಯ್ತು.

ಇಲ್ಲಿಗೆ ನಿಮ್ಮ ನೇಮಕ ಹೇಗಾಯಿತು? ಪರೀಕ್ಷೆಯೋ, ಶಿಫಾರಸೋ?

ಕಾಗೆ ಹಿಕ್ಕೆ. ಎಲ್ಲೋ ಹಣ್ಣು ತಿಂದ ಕಾಗೆ ಇಲ್ಲಿ ಬಂದು ಹಗುರಾಯಿತು. ಬಿರುಕಿನಲ್ಲಿ ಚಿಟಿಕೆ ಧೂಳು, ಪೈಪಿನ ತೇವ, ನಮ್ಮ ಜಾತಿಗೆ ಅಷ್ಟು ಸಾಕು. ಈ ಪೈಪಿನ ರಿಪೇರಿಗೆ ಅಂದಾಜುಪಟ್ಟಿ ಹೋಗಿ ಆರು ವರ್ಷವಾಯಿತು. ಆಗಲೇ ಮಂಜೂರಾಗಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಆ ಕಡತ ಹಿಡಿದಿಟ್ಟ ಪುಣ್ಯಾತ್ಮರನ್ನು ದಿನಾ ನೆನೆಯುತ್ತೇನೆ.

ಕಟ್ಟಡ ಬೀಳಿಸುವುದು ನಿಮಗೆ ಶೋಭೆಯೇ?

ನಾನೆಲ್ಲಿ ಬೀಳಿಸಿದೆ? ಬೇರು ದಪ್ಪವಾಗುತ್ತೆ, ಬಿರುಕು ಅಗಲವಾಗುತ್ತೆ. ಮಳೆ ನೀರು ಒಳಗಿನ ಕಂಬಿಗೆ ಇಳಿಯುತ್ತೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿಂದಲೇ ಸಿಡಿಸುತ್ತೆ. ಮನೆ ಮುರಿಯುವವರು ಒಳಗಿನವರೇ. ನಾನು ಬಾಗಿಲು ತೆಗೆಯುವವನು.

ಯಾರೂ ಕಿತ್ತುಹಾಕಲು ಬರಲಿಲ್ಲವೇ?

ಒಬ್ಬ ಮಚ್ಚು ಹಿಡಿದು ಬಂದ. ಎಲೆ ನೋಡಿದವನೇ ಮಚ್ಚು ಕೆಳಗಿಟ್ಟು ಕೈಮುಗಿದ. ಅಶ್ವತ್ಥ ಕಡಿದರೆ ವಂಶಕ್ಕಾಗದಂತೆ. ಮರುವಾರ ಯಾರೋ ಅರಿಶಿನ ಕುಂಕುಮ ಹಚ್ಚಿ ಹೋದರು. ಇನ್ನು ನನಗೆ ವರ್ಗಾವಣೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ಸರಿ, ಎಲ್ಲರೂ ಹೋದರು ಅನ್ನಿ. ಬೆಂಗಳೂರಿನಲ್ಲಿ ಮೊದಲು ನಿಲ್ಲುವುದೇನು?

ನಲ್ಲಿ. ಕಾವೇರಿ ತಾನಾಗಿ ನಿಮ್ಮ ಮನೆಗೆ ಬರ್ತಾಳೆ ಅಂದುಕೊಂಡಿರಾ? ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ, ಸುಮಾರು 500 ಮೀಟರ್ ಮೇಲೆತ್ತಿ ತರಬೇಕು. ಕರೆಂಟು ಹೋದ ದಿನವೇ ಆಕೆ ತವರಿನಲ್ಲಿ ಉಳಿದುಬಿಡುತ್ತಾಳೆ. ಆಮೇಲೆ ಕೆರೆಗಳ ಸರದಿ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣದಲ್ಲಿ ಸಂಪಂಗಿ ಕೆರೆ ಇತ್ತಲ್ಲ? ಮಳೆ ನೀರು ಹಳೇ ವಿಳಾಸ ಮರೆತಿಲ್ಲ. ಒತ್ತುವರಿ ತೆರವಿಗೆ ಅದು ನೋಟಿಸನ್ನೂ ಕೊಡುವುದಿಲ್ಲ, ತಡೆಯಾಜ್ಞೆಯನ್ನೂ ಕೇಳುವುದಿಲ್ಲ.

ಇದಕ್ಕೆಲ್ಲ ಪೂರ್ವನಿದರ್ಶನ ಉಂಟೇ?

ಉಂಟು, ಉಕ್ರೇನಿನ ಪ್ರಿಪ್ಯಾಟ್. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಮರುದಿನ ಸುಮಾರು 49 ಸಾವಿರ ಜನರನ್ನು ‘ಮೂರು ದಿನದ ಮಟ್ಟಿಗೆ’ ಅಂತ ಬಸ್ಸು ಹತ್ತಿಸಿದರು. ಸರ್ಕಾರಿ ಮೂರು ದಿನ, ಇನ್ನೂ ಮುಗಿದಿಲ್ಲ. ಈಗ ಅಲ್ಲಿಯ ಫುಟ್‌ಬಾಲ್ ಮೈದಾನದಲ್ಲಿ ಮರಗಳು ಆಡುತ್ತಿವೆ, ಸುತ್ತಲ ಕಾಡಿನಲ್ಲಿ ತೋಳಗಳಿವೆ.

ಅಂದರೆ ಹಳೆಯ ಕಾಡು ಹಾಗೆಯೇ ಮರಳಿ ಬರುತ್ತದೆ!

ಅಷ್ಟು ಸುಲಭವೇ? ಮೊದಲು ಹಬ್ಬುವವರು ನೀವು ಕರೆತಂದ ನೆಂಟರು. ಬ್ರಿಟಿಷರು ಅಂದಕ್ಕೆಂದು ತಂದ ಲಂಟಾನ ಬಂಡೀಪುರದೊಳಗೆ ಪೊದೆಪೊದೆಯಾಗಿ ಕೂತಿದೆ. ಇನ್ನು ಪಾರ್ಥೇನಿಯಂ, ನಿಮ್ಮ ಬಾಯಲ್ಲಿ ಕಾಂಗ್ರೆಸ್ ಗಿಡ. ಹೆಸರಿನ ಬಗ್ಗೆ ನಾನೇನೂ ಹೇಳಲಾರೆ, ಸರ್ಕಾರಿ ಗೋಡೆಯ ಮೇಲಿರುವವನು. ನೀವು ಹೋದರೂ ನಿಮ್ಮ ತಪ್ಪುಗಳು ಚಿಗುರುತ್ತಲೇ ಇರುತ್ತವೆ.

ನಮ್ಮದು ಅಂತ ಏನೂ ಉಳಿಯುವುದಿಲ್ಲವೇ?

ಶ್ರವಣಬೆಳಗೊಳದ ಗೊಮ್ಮಟ ಉಳಿದಾನು. 58 ಅಡಿ, ಒಂದೇ ಬಂಡೆ. ಸಂದಿಲ್ಲ, ಗಾರೆಯಿಲ್ಲ, ನಾವು ಕಾಲೂರುವುದೆಲ್ಲಿ? ಆದರೆ ಅವನ ಕಾಲ ಬುಡ ನೋಡಿದ್ದೀರಾ? ಹತ್ತನೇ ಶತಮಾನದಲ್ಲೇ ಶಿಲ್ಪಿ ಅಲ್ಲಿ ಹುತ್ತ ಕೆತ್ತಿದ್ದಾನೆ, ತೋಳಿನ ತನಕ ಬಳ್ಳಿ ಹಬ್ಬಿಸಿದ್ದಾನೆ. ಅಲ್ಲಾಡದೆ ನಿಂತವನ ಮೈಮೇಲೆ ನಾವು ಹಬ್ಬುತ್ತೇವೆ ಅಂತ ಅವನಿಗೆ ಗೊತ್ತಿತ್ತು. ಬಾಹುಬಲಿ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಂತ. ನಿಮ್ಮ ಕಡತ ಯಾವ ತಪಸ್ಸಿಗೆ ನಿಂತಿದೆ ಸ್ವಾಮಿ?

ಒಟ್ಟಿನಲ್ಲಿ ನಾವು ತೊಲಗಿದರೆ ನಿಮಗೆ ಹಬ್ಬ!

ಹಾಗನ್ನಬೇಡಿ. ಶ್ರೀಲಂಕಾದ ಅನುರಾಧಪುರದಲ್ಲಿ ನಮ್ಮ ಕುಲದ ಹಿರಿಯರೊಬ್ಬರಿದ್ದಾರೆ. ನೆಟ್ಟದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಕಟ್ಟೆ ಕಟ್ಟಿ, ಬಾಗಿದ ಕೊಂಬೆಗೆ ಆಧಾರ ಕೊಟ್ಟು, ತಲೆತಲಾಂತರದಿಂದ ಕಾಯುತ್ತ ಬಂದವರು ಮನುಷ್ಯರೇ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಒಂದು ಮರವನ್ನು ನೋಡಿಕೊಂಡವರಿಗೆ ಒಂದು ಪೈಪು ನೋಡಿಕೊಳ್ಳಲಾಗದೇ? ನೀವು ಮಾಯವಾಗಬೇಕೆಂದು ನಾವು ಕಾಯುತ್ತಿಲ್ಲ. ನೀವು ಆ ಕಡೆ ತಿರುಗಿ ಕೂತರೆ ನಮಗೆ ಸಾಕು.

ಅಷ್ಟರಲ್ಲಿ ಜವಾನ ಬಂದು, “ಸಾಹೇಬರು ಇವತ್ತು ಬರಲ್ಲ ಸಾರ್, ಸೋಮವಾರ ಬನ್ನಿ” ಎಂದ. ಕೆಳಗಿಳಿದು ಬಂದು ಗೋಡೆಯತ್ತ ಕತ್ತೆತ್ತಿ ನೋಡಿದೆ. ಅರಳಿಯ ಬೇರು ಎರಡನೇ ಮಹಡಿಗೆ ಇಳಿದಾಗಿತ್ತು. ನನ್ನ ಅರ್ಜಿ ಇನ್ನೂ ಮೂರನೆಯದರಲ್ಲೇ ಇದೆ.