ಅಮ್ಮನ ಟಿ.ವಿ.ಯಲ್ಲಿ ಕಡ್ಡಿ ಆಡಿಸುವ ಮುನ್ನ

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಅವರಿಗೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅಪ್ಪ ಅಮ್ಮನ ಬದುಕನ್ನು ಸುಲಭ ಮಾಡಿಯೇ ತೀರುವ ಕಾಯಿಲೆ. ಮೊದಲ ದಿನ ಹಳೇ ಕುಕ್ಕರ್ ಹೋಗುತ್ತದೆ, ಎರಡನೇ ದಿನ ಗುಂಡಿ ಒತ್ತುವ ಫೋನು. ಮೂರನೇ ದಿನ ಕಣ್ಣು ಟಿ.ವಿ. ಮೇಲೆ ಬೀಳುತ್ತದೆ. 'ಏನಮ್ಮಾ, ಇನ್ನೂ ಡಿಶ್ಶೇನಾ?' ಎಂದು ಮಗ ಕೇಳುವ ದನಿಯಲ್ಲಿ 'ಇನ್ನೂ ಸೌದೆ ಒಲೆಯೇನಾ?' ಎಂಬಷ್ಟು ಕನಿಕರವಿರುತ್ತದೆ. ಸಂಜೆಯೊಳಗೆ ಟಿ.ವಿ.ಯ ಬೆನ್ನಿಗೆ ಇಂಟರ್‌ನೆಟ್ಟಿನಿಂದ ಚಿತ್ರ ತರುವ ಹೆಬ್ಬೆರಳುದ್ದದ ಕಡ್ಡಿಯೊಂದು ಸಿಕ್ಕಿಕೊಂಡು, ಅಮ್ಮನ ಕೈಗೆ ಇನ್ನೊಂದು ರಿಮೋಟ್ ಬರುತ್ತದೆ.

ಅಮ್ಮನನ್ನು 'ಟೆಕ್ನಾಲಜಿ ಗೊತ್ತಾಗೋದಿಲ್ಲ' ಎಂದು ತಳ್ಳಿಹಾಕುವ ಧೈರ್ಯ ಯಾರಿಗೂ ಬೇಡ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಗ್ಗೆ ಅಪ್ಪನನ್ನು ಮಾಳಿಗೆ ಹತ್ತಿಸಿ, ಕೆಳಗಿನಿಂದ 'ಇನ್ನೂ ಸ್ವಲ್ಪ ಎಡಕ್ಕೆ, ಹಾಂ, ಹಾಗೇ ಹಿಡ್ಕೊಳ್ಳಿ' ಎಂದು ಆಂಟೆನಾ ತಿರುಗಿಸಿದ ಇಂಜಿನಿಯರ್ ಆಕೆ. ಆಗ ಮಾಡುವ ಕೆಲಸ ಒಂದೇ, ನೋಡುವ ಚಾನೆಲ್ಲೂ ಒಂದೇ. ಈಗ ಟಿ.ವಿ. ಹಾಕಿದರೆ ಅದೇ ತಿರುಗಿ ಪ್ರಶ್ನೆ ಕೇಳುತ್ತದೆ. 'ಯಾರು ನೋಡುತ್ತಿದ್ದೀರಿ?' ಎನ್ನುತ್ತದೆ. 'ನಾನೇ ಕಣೋ, ಇನ್ಯಾರು!' ಎಂದರೆ ಕೇಳಿಸಿಕೊಳ್ಳುವುದಿಲ್ಲ. ಮೊಮ್ಮಗನ ಕಾರ್ಟೂನ್ ಮುಖ ಒತ್ತಿದರೆ ಇಡೀ ರಾತ್ರಿ ಕರಡಿಮರಿಗಳ ಹಾಡೇ ಗತಿ. ಎರಡು ಗಂಟೆಯಾದ ಮೇಲೆ 'ಇನ್ನೂ ನೋಡುತ್ತಿದ್ದೀರಾ?' ಎಂದು ವಿಚಾರಣೆ ಬೇರೆ. ಅಪ್ಪ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ ಗುಟ್ಟು ಹೀಗೆ ಟಿ.ವಿ.ಯಿಂದಲೇ ರಟ್ಟಾಗುತ್ತದೆ.

ಅಂಗಡಿಯವನು ವಿವರಿಸುವುದು 4ಕೆ, ಡಾಲ್ಬಿ ಇತ್ಯಾದಿ. ಅಮ್ಮನಿಗೆ ಬೇಕಾದ ಲೆಕ್ಕ ಬೇರೆ: ಕುರ್ಚಿಯಲ್ಲಿ ಕೂತಮೇಲೆ ಎಷ್ಟು ಗುಂಡಿ ಒತ್ತಿದರೆ ಧಾರಾವಾಹಿ ಬರುತ್ತದೆ? ಡಿಶ್ಶಿನಲ್ಲಿ ಚಾನೆಲ್ ನಂಬರ್ ಬಾಯಿಪಾಠವಾಗಿರುತ್ತದೆ, ಕನ್ನಡಕವಿಲ್ಲದೆಯೂ ಒತ್ತುತ್ತಾರೆ. ಕಡ್ಡಿಗಳ ರಿಮೋಟಿನಲ್ಲಿ ಸಾಮಾನ್ಯವಾಗಿ ಅಂಕಿಗಳೇ ಇರುವುದಿಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ, ಒಳಗೆ, ವಾಪಸ್ಸು ಎಂದು ಗುರುತು ಹುಡುಕಿಕೊಂಡು ಅಲೆಯಬೇಕು. ಗುಂಡಿ ಕಡಿಮೆಯಾದಷ್ಟೂ ಸುಲಭ ಎಂದು ನಂಬಿದವರು ವಯಸ್ಸಾದವರ ಪಕ್ಕ ಕೂತು ಟಿ.ವಿ. ನೋಡಿದವರಲ್ಲ.

ಗುಂಡಿಯೇ ಬೇಡ ಎಂದು ಹೊರಟವರೂ ಉಂಟು. 2013ರಲ್ಲಿ ಗೂಗಲ್ ತಂದ ಕ್ರೋಮ್‌ಕಾಸ್ಟ್‌ಗೆ ರಿಮೋಟೇ ಇರಲಿಲ್ಲ, ಫೋನೇ ರಿಮೋಟು. ಅಮ್ಮನ ಫೋನು ಇರುವುದು ಅಡುಗೆಮನೆಯ ಪ್ಲಗ್ಗಿನಲ್ಲಿ, ಹಾಲಿನಲ್ಲಲ್ಲ. ಅಂಥ ಗೂಗಲ್ಲೂ ಕೊನೆಗೆ 2020ರಲ್ಲಿ ಒಂದು ರಿಮೋಟ್ ಮಾಡಿಕೊಟ್ಟಿತು. ಅಮೆಜಾನ್ ಅದೇ ವರ್ಷ ತಂದ ಅಗ್ಗದ ಫೈರ್ ಟಿ.ವಿ. ಸ್ಟಿಕ್ ಲೈಟ್‌ಗೆ ರಿಮೋಟ್ ಇತ್ತು, ಆದರೆ ಅದರಲ್ಲಿ ಟಿ.ವಿ.ಯ ಸದ್ದು ಹೆಚ್ಚಿಸುವ ಗುಂಡಿ ಇರಲಿಲ್ಲ. ಒಂದಿಷ್ಟು ದುಡ್ಡು ಉಳಿಸಿ ಅದನ್ನು ತಂದ ಸುಪುತ್ರರ ಮನೆಯಲ್ಲಿ ಚಿತ್ರಕ್ಕೊಂದು ರಿಮೋಟು, ಸದ್ದಿಗೊಂದು ರಿಮೋಟು. ಆದ್ದರಿಂದ ಕಡ್ಡಿ ಕೊಳ್ಳುವುದಾದರೆ ಪವರ್ ಮತ್ತು ವಾಲ್ಯೂಮ್ ಎರಡೂ ಅದೇ ರಿಮೋಟಿನಲ್ಲಿ ಇವೆಯೇ ನೋಡಿ. ಟಿ.ವಿ.ಯ ಬೆನ್ನನ್ನೂ ನೋಡಿ: ಎಚ್‌ಡಿಎಂಐ ತೂತು ಇಲ್ಲದೆ ಬರೀ ಕೆಂಪು, ಬಿಳಿ, ಹಳದಿ ಪಿನ್ನುಗಳ ಜಾಗವಿದ್ದರೆ ಕಡ್ಡಿ ನೇರವಾಗಿ ಕೂರುವುದಿಲ್ಲ. ಹೇಗೂ ಟಿ.ವಿ. ಬದಲಿಸುವ ಹಾಗಿದ್ದರೆ ಕಡ್ಡಿಯ ಗೊಡವೆ ಬಿಟ್ಟು ಸ್ಮಾರ್ಟ್ ಟಿ.ವಿ.ಯನ್ನೇ ತನ್ನಿ, ಒಂದು ರಿಮೋಟಾದರೂ ಕಡಿಮೆಯಾಗುತ್ತದೆ.

'ಮೈಕ್ ಗುಂಡಿ ಒತ್ತಿ ಮಾತಾಡಿದರೆ ಸಾಕಮ್ಮ' ಎಂಬುದು ಮಗನ ಬ್ರಹ್ಮಾಸ್ತ್ರ. ಆದರೆ ನಮ್ಮ ಮನೆಗಳಲ್ಲಿ ರಿಮೋಟಿಗೆ ಬಂದ ದಿನವೇ ಪ್ಲಾಸ್ಟಿಕ್ ಕವರ್ ತೊಡಿಸಿ ರಬ್ಬರ್‌ಬ್ಯಾಂಡ್ ಬಿಗಿಯುವುದು ಸಂಪ್ರದಾಯ. ಮೈಕಿನ ತೂತು ಅದರೊಳಗೇ ಸಮಾಧಿ. ಅಮ್ಮ ಮಾತಾಡುವುದೂ ಒಂದೊಂದು ಪದವಲ್ಲ. 'ಆ ಸೊಸೆಗೆ ಕಾಟ ಕೊಡ್ತಾಳಲ್ಲ, ಆ ಅತ್ತೆದು ಹಾಕಪ್ಪ' ಎಂದರೆ ಕನ್ನಡ ನಾಡಿನ ಯಾವ ಧಾರಾವಾಹಿಯನ್ನು ತಾನೇ ಯಂತ್ರ ಬಿಟ್ಟೀತು?

ಇನ್ನು ಇಂಟರ್‌ನೆಟ್ಟು. ಎಚ್‌.ಡಿ. ಚಿತ್ರಕ್ಕೆ 5 ಎಂಬಿಪಿಎಸ್ ವೇಗ ಸಾಕು, ಅದು ಈಗ ಸಣ್ಣ ಊರಲ್ಲೂ ಸಿಗುತ್ತದೆ. ತೊಂದರೆ ಕೊಡುವುದು ಕರೆಂಟು. ಟಿ.ವಿ.ಯನ್ನು ಇನ್ವರ್ಟರಿಗೆ ಹಾಕಿಸಿದ ಮಗ ಮೂಲೆಯ ರೌಟರನ್ನು ಮರೆತಿರುತ್ತಾನೆ. ಕರೆಂಟು ಹೋದರೆ ಟಿ.ವಿ. ಉರಿಯುತ್ತದೆ, ಚಿತ್ರವಿಲ್ಲ, ನಡುವೆ ಒಂದು ಚಕ್ರ ಸುತ್ತುತ್ತದೆ. ಗೋಡೆಗಳ ಆಚೆ ರೌಟರ್ ಇದ್ದರೆ 5 ಗಿಗಾಹರ್ಟ್ಸ್ ವೈಫೈಗಿಂತ 2.4ರದ್ದೇ ದೂರ ತಲುಪುತ್ತದೆ, ಅದಕ್ಕೇ ಜೋಡಿಸಿ. ಮಲೆನಾಡಿನ ಜೋರು ಮಳೆಯಲ್ಲಿ ಡಿಶ್ ಕೈಕೊಡುತ್ತದೆ, ನಿಜ. ಅದೇ ಮಳೆಗೆ ಮರ ಬಿದ್ದು ಫೈಬರ್ ಕೇಬಲ್ಲೂ ತುಂಡಾಗುತ್ತದೆ. ಎರಡೂ ಇದ್ದರೆ ಒಂದಾದರೂ ಉಳಿದೀತು.

ಹಾಗಾಗಿ ಡಿಶ್ಶನ್ನೋ ಕೇಬಲ್ಲನ್ನೋ ಕಿತ್ತುಹಾಕಬೇಡಿ. ತಿಂಗಳ ಬಾಡಿಗೆ ಭಾರವೆನಿಸಿದರೆ ದೂರದರ್ಶನದ ಫ್ರೀ ಡಿಶ್ ಇದೆ, ಅದಕ್ಕೆ ಮಾಸಿಕ ಶುಲ್ಕವಿಲ್ಲ. ಅನೇಕ ಸ್ಮಾರ್ಟ್ ಟಿ.ವಿ.ಗಳಲ್ಲಿ ಆನ್ ಮಾಡಿದೊಡನೆ ನೇರ ಸೆಟ್‌ಟಾಪ್ ಬಾಕ್ಸಿಗೇ ಹೋಗುವಂತೆ ಮಾಡಬಹುದು, ಮಾಡಿ. ಯೂಟ್ಯೂಬನ್ನು ಹೋಮ್ ಪರದೆಯ ಮೊದಲ ಸಾಲಿಗೆ ತನ್ನಿ. ಚಂದನದ 'ಥಟ್ ಅಂತ ಹೇಳಿ' ತಪ್ಪಿದರೆ ಅಲ್ಲಿ ನೋಡಬಹುದು ಎಂಬುದೊಂದೇ ಮಾತಿಗೆ ಅಪ್ಪ ಇಡೀ ಕಡ್ಡಿಯನ್ನು ಕ್ಷಮಿಸುತ್ತಾರೆ. ಉಳಿದ ಆ್ಯಪುಗಳನ್ನು ಅಳಿಸಿ ಅಥವಾ ಕೆಳಗೆ ತಳ್ಳಿ. ಹಣ ಕಟ್ಟುವ ಕಡೆ ಪಿನ್ ಹಾಕಿ, ಇಲ್ಲವಾದರೆ ಅಪ್ಪ 'ಓಕೆ' ಒತ್ತಿದ ಸಿನಿಮಾದ ಬಾಡಿಗೆ ನಿಮ್ಮ ಕಾರ್ಡಿಗೆ ಬಂದೀತು. ಪಾಸ್‌ವರ್ಡನ್ನೆಲ್ಲ ಹೊರಡುವ ಮುಂಚೆ ನೀವೇ ತುಂಬಿ. ಬಾಣದ ಗುಂಡಿಯಲ್ಲಿ '@' ಹುಡುಕುವ ಶಿಕ್ಷೆ ಅರವತ್ತು ದಾಟಿದವರಿಗೆ ಬೇಡ. ದಪ್ಪ ಕನ್ನಡ ಅಕ್ಷರದಲ್ಲಿ ಮೂರು ಸಾಲು ಬರೆದು ಟಿ.ವಿ. ಪಕ್ಕ ಅಂಟಿಸಿ, ನಾಲ್ಕನೇ ಸಾಲು ಬೇಕಾದರೆ ಸಲಕರಣೆಯೇ ಸರಿಯಿಲ್ಲ.

ಕಡೆಗೊಂದು ಪರೀಕ್ಷೆ, ಇದು ಕೊಡುವವರಿಗೆ. ಎಲ್ಲ ಜೋಡಿಸಿ ಆದಮೇಲೆ ರಿಮೋಟನ್ನು ಅಮ್ಮನ ಕೈಗೆ ಕೊಟ್ಟು, ನಿಮ್ಮ ಎರಡೂ ಕೈ ಕಟ್ಟಿ, ಬಾಯಿ ಮುಚ್ಚಿ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಅವರಾಗಿಯೇ ತಮ್ಮ ಧಾರಾವಾಹಿ ಹಾಕಿ, ಸದ್ದು ಸರಿಮಾಡಿ, ಮತ್ತೆ ಡಿಶ್ಶಿಗೆ ವಾಪಸ್ಸು ಬಂದರೆ ನೀವು ಗೆದ್ದಿರಿ. ಬಾರದಿದ್ದರೆ ಪಾಠ ಹೇಳಲು ಹೋಗಬೇಡಿ. ಕಡ್ಡಿಯನ್ನು ಕಿತ್ತು ನಿಮ್ಮ ಚೀಲದಲ್ಲೇ ಹಾಕಿಕೊಂಡು ಬಸ್ಸು ಹತ್ತಿ.