ತಾಳವೂ ನಿಮ್ಮದೇ, ತೋಪೂ ನಿಮ್ಮದೇ

"ಈ ಗೇಮಿನಾಗ ವೈರಿಗಳೇ ಬರಂಗಿಲ್ಲ ಕಾಕಾ, ಪೂರಾ ದಂಡ." ಇದು ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಒಬ್ಬ ತರುಣನ ತೀರ್ಪು. ವಿಚಾರಿಸಿದರೆ, ಗೇಮಿಗೆ ಅವನು ಉಣಿಸಿದ್ದು ಅಪ್ಪ ನಸುಕಿನಲ್ಲಿ ಹಚ್ಚುವ ತಂಬೂರಿ ಶ್ರುತಿ, ಅದರ ಮೇಲೆ ಆರಾಮಾಗಿ ಸಾಗುವ ಒಂದು ವಚನಗಾಯನ. "ಉಸುರು ಬಿಡಾಕ ಪುರುಸೊತ್ತಿಲ್ರಿ, ಮನುಷ್ಯಾರು ಆಡೋ ಗೇಮಲ್ಲ ಇದು." ಇದು ಮಕ್ತಲದ ಇನ್ನೊಬ್ಬನದು. ಅವನು ಉಣಿಸಿದ್ದು ಗಣಪತಿ ಮೆರವಣಿಗೆಯ ಡಿಜೆ ರಿಮಿಕ್ಸ್. ಗದ್ವಾಲದ ಮೂರನೆಯವನಿಗೆ ಗೇಮು ಮುಗಿಯುವುದೇ ಇಲ್ಲವೆಂಬ ಸಂಕಟ. ಅವನು ಹಾಕಿದ್ದು ಮುಕ್ಕಾಲು ಗಂಟೆಯ ಭಜನೆಯ ರೆಕಾರ್ಡಿಂಗು. ಮೂವರೂ ಆಡಿದ್ದು ಒಂದೇ ಗೇಮು. ಮೂವರೂ ಬೈದದ್ದು ಅದನ್ನು ಮಾಡಿದವನನ್ನು.

ಮಾಡಿದವನು ಬ್ರಿಟನ್ನಿನ ಸ್ಟೀವ್ ಹಂಟ್. ಕೋಲ್ಡ್ ಬೀಮ್ ಗೇಮ್ಸ್ ಎಂಬ ದೊಡ್ಡ ಹೆಸರಿಟ್ಟುಕೊಂಡು ಹೆಚ್ಚುಕಡಿಮೆ ಒಬ್ಬನೇ ಕೂತು ಕಟ್ಟಿದ ಗೇಮಿನ ಹೆಸರು ಬೀಟ್ ಹಝಾರ್ಡ್. 2010ರಲ್ಲಿ ಅದು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಬಂತು. ಆಕಾಶದ ನಡುವೆ ನಿಮ್ಮದೊಂದು ನೌಕೆ, ಸುತ್ತ ಮುತ್ತಿಕೊಳ್ಳುವ ಶತ್ರುಗಳು, ಎಡೆಬಿಡದೆ ಗುಂಡು. ಇಷ್ಟೇ ಆಗಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಕಿತಾಪತಿ ಇರುವುದು ಹಾಡಿನಲ್ಲಿ. ನಿಮ್ಮ ಹತ್ತಿರ ಇರುವ ಯಾವುದೇ ಹಾಡನ್ನು ಅದಕ್ಕೆ ಕೊಡಬಹುದು. ಅದು ಹಾಡನ್ನು ಕೇಳಿ, ಏರಿಳಿತ ಅಳೆದು, ಅದರ ಪ್ರಕಾರ ಶತ್ರುಗಳನ್ನು ಕಳಿಸುತ್ತದೆ. ಹಾಡು ಜೋರಾದರೆ ನಿಮ್ಮ ತೋಪಿನ ಬಾಯಿ ಅಗಲ, ಮೆತ್ತಗಾದರೆ ಗುಂಡು ಪುಸಕ್ಕನೆ ಉದುರುತ್ತದೆ. ಹಾಡು ಮುಗಿದರೆ ಹಂತವೂ ಮುಗಿಯಿತು.

ಇನ್ನೊಂದು ಮಜಾ ಇದೆ. ಶತ್ರುವನ್ನು ಹೊಡೆದಾಗ ಕೆಲವು ಸಲ 'ವಾಲ್ಯೂಮ್' ಎಂಬ ಗುಳಿಗೆ ಉದುರುತ್ತದೆ. ಅದನ್ನು ಆರಿಸಿಕೊಂಡಷ್ಟೂ ಹಾಡಿನ ಸದ್ದು ಏರುತ್ತದೆ, ಸದ್ದು ಏರಿದಷ್ಟೂ ಆಯುಧದ ಬಲ ಏರುತ್ತದೆ. ಬೇರೆ ದೇಶದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಬೇಡ. ವಾಲ್ಯೂಮ್ ಯಾರ ಕೈಯಲ್ಲೋ ತೋಪು ಅವರ ಕೈಯಲ್ಲಿ ಎಂಬುದನ್ನು ಮೆರವಣಿಗೆಯಲ್ಲೂ ಚುನಾವಣೆಯ ಸಭೆಯಲ್ಲೂ ನೋಡಿಯೇ ಬೆಳೆದವರು ನಾವು.

ಹೀಗಿರುವಾಗ ಆಟಗಾರರ ಅಭಿಪ್ರಾಯ ಎಂದರೇನು? ಗೇಮು ನಿಮ್ಮ ಹಾಡನ್ನೇ ಶತ್ರು ಮಾಡಿ ನಿಮ್ಮ ಮೇಲೆ ಬಿಡುತ್ತದೆ. ನೀವು ಸೋತು ಬಂದು 'ಗೇಮು ಸರಿಯಿಲ್ಲ' ಎನ್ನುತ್ತೀರಿ. ಬರೆದದ್ದು ಗೇಮಿನ ವಿಮರ್ಶೆಯಂತೆ ಕಾಣುತ್ತದೆ, ಓದಿದವನಿಗೆ ಗೊತ್ತಾಗುವುದು ನಿಮ್ಮ ಮೊಬೈಲಿನಲ್ಲಿ ಯಾವ ಹಾಡಿದೆ ಎಂಬುದು.

ಸ್ಟೀಮಿನವರು ಅಭಿಪ್ರಾಯವನ್ನು ಒಂದು ಹೆಬ್ಬೆರಳಿಗೆ ಇಳಿಸಿಟ್ಟಿದ್ದಾರೆ. ಮೇಲೆ ಅಥವಾ ಕೆಳಗೆ. 'ಪರವಾಗಿಲ್ಲ', 'ನೋಡೋಣು', 'ಹಿಂಗೇ ಅದ' ಎಂಬ ನಮ್ಮ ನಾಡಿನ ಮೂರು ಮುಖ್ಯ ಅಭಿಪ್ರಾಯಗಳಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ: ಬರೆದವನು ಆ ಗೇಮನ್ನು ಎಷ್ಟು ಗಂಟೆ ಆಡಿದ್ದಾನೆ ಎಂಬ ಲೆಕ್ಕವನ್ನು ಅವನ ಮಾತಿನ ಪಕ್ಕದಲ್ಲೇ ಅಚ್ಚು ಹಾಕುತ್ತಾರೆ. ಇಂಥ ಏರ್ಪಾಡು ಸಾಹಿತ್ಯ ವಿಮರ್ಶೆಗೂ ಬಂದಿದ್ದರೆ ಎಷ್ಟು ಪುಸ್ತಕ ಬಿಡುಗಡೆ ಸಮಾರಂಭಗಳು ನಿಂತುಹೋಗುತ್ತಿದ್ದವೋ.

ಆ ಲೆಕ್ಕ ಓದುವುದೇ ಒಂದು ಸುಖ. ಹದಿನೆಂಟು ನಿಮಿಷ ಆಡಿದವನು ನಾಲ್ಕು ಪ್ಯಾರಾ ಬರೆದಿರುತ್ತಾನೆ. ಗೇಮಿನ ತತ್ವ, ಲೋಪ, ಭವಿಷ್ಯ, ಎಲ್ಲ ಬಂದಿರುತ್ತದೆ. ಎಂಟುನೂರು ಗಂಟೆ ಆಡಿದವನು ಒಂದೇ ಸಾಲು ಬರೆದಿರುತ್ತಾನೆ: 'ಟೈಮ್ ವೇಸ್ಟ್, ಯಾರೂ ಕೊಳ್ಳಬೇಡಿ.' ಎಂಟುನೂರು ಗಂಟೆ ಎಂದರೆ ದಿನಕ್ಕೆ ಎಂಟರಂತೆ ನೂರು ದಿನದ ದುಡಿಮೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಹಳ್ಳಿಯ ಮನೆಗೆ ಇಡೀ ವರ್ಷಕ್ಕೆ ಕೊಟ್ಟ ಮಾತೂ ನೂರು ದಿನವೇ. ಅಷ್ಟು ದಿನ ಗುದ್ದಲಿ ಹಿಡಿದಿದ್ದರೆ ಕೆರೆಯ ಹೂಳಾದರೂ ಎದ್ದಿರುತ್ತಿತ್ತು. ಈತ ನೂರು ದಿನ ನಕ್ಷತ್ರಗಳ ನಡುವೆ ಗುಂಡು ಹಾರಿಸಿ, ಕೊನೆಗೆ ಜನರ ಸಮಯದ ಬಗ್ಗೆ ಕಾಳಜಿ ತೋರಿಸಿದ್ದಾನೆ.

ಆದರೂ ಇವರು ದುಡ್ಡು ಕೊಟ್ಟವರು, ಮಾತಾಡಲಿ. ನಮ್ಮೂರ ಖ್ಯಾತ ವಿಮರ್ಶಕರ ಕತೆ ಬೇರೆ. ಅವರ ಗೇಮು ಪೆನ್ ಡ್ರೈವಿನಲ್ಲಿ ಬಂದದ್ದು. ಸ್ಟೀಮಿನಲ್ಲಿ ಬರೆಯಬೇಕೆಂದರೆ ಗೇಮು ನಿಮ್ಮ ಖಾತೆಯಲ್ಲಿ ಇರಬೇಕು. ಇಲ್ಲದವರು ಎಲ್ಲಿಗೆ ಹೋಗಬೇಕು? ಮಕ್ತಲದ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ. ಅಲ್ಲಿ ಗಂಟೆಯ ಲೆಕ್ಕ ಯಾರೂ ಅಚ್ಚು ಹಾಕುವುದಿಲ್ಲ, ಹೆಬ್ಬೆರಳಿನ ಮಿತಿಯೂ ಇಲ್ಲ, ಪೂರಾ ಕೈ ಆಡಿಸಬಹುದು. "ಇದಕ್ಕ ಇಷ್ಟು ರೊಕ್ಕ ಯಾವನ್ ಕೊಡ್ತಾನ್ರಿ?" ಎಂದು ಗುಡುಗುವವನು ಒಂದು ಪೈಸೆಯನ್ನೂ ಕೊಟ್ಟಿರುವುದಿಲ್ಲ. ಪುಕ್ಕಟೆ ಸಿಕ್ಕ ಗೇಮಿನ ಬೆಲೆ ಜಾಸ್ತಿಯಾಯಿತು ಎಂಬ ದೂರಿಗೆ ಅರ್ಥಶಾಸ್ತ್ರದಲ್ಲಿ ಇನ್ನೂ ಹೆಸರಿಟ್ಟಿಲ್ಲ.

ಅದೇ ಅಂಗಡಿಯಲ್ಲಿ, ಆಡದೇ ಹೇಳುವವರ ಒಂದು ಬೆಂಚು ಇದೆ. ಅವರಿಗೆಂದೇ ಹೇಳಿ ಮಾಡಿಸಿದ ಗೇಮು ಒಂದುಂಟು: 2012ರ ರೆಟ್ರೊಗ್ರೇಡ್. ಅದೂ ತಾಳ ಮತ್ತು ಆಕಾಶಯುದ್ಧದ ಬೆರಕೆಯೇ, ಆದರೆ ಕಾಲ ಹಿಂದಕ್ಕೆ ಓಡುತ್ತದೆ. ಶುರುವಾಗುವುದೇ ಗೆದ್ದ ಮೇಲಿನ ದೃಶ್ಯದಿಂದ. ಆಮೇಲೆ ನೀವು ಹಾರಿಸಿದ ಗುಂಡುಗಳನ್ನೆಲ್ಲ ತಾಳಕ್ಕೆ ಸರಿಯಾಗಿ ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತ ಹೋಗಬೇಕು. ಮೊದಲು ಫಲಿತಾಂಶ, ಆಮೇಲೆ ಆಟ. ನಮ್ಮ ಬೆಂಚಿನವರು ಮೊದಲನೆಯದನ್ನು ಮುಗಿಸಿ ಎದ್ದುಹೋಗುತ್ತಾರೆ, ಅಷ್ಟೇ ವ್ಯತ್ಯಾಸ.

ತಾಳದ ಬಗೆಗಿನ ದೂರುಗಳು ಮಾತ್ರ ಗಂಭೀರವಾದವು. ನನಗೆ ಗೊತ್ತಿರುವ ಹುಡುಗನೊಬ್ಬ ಥಂಪರ್ ಎಂಬ ಗೇಮು ಆಡಿದ. 2016ರಲ್ಲಿ ಬಂದದ್ದು, ಹಳಿಯ ಮೇಲೆ ಓಡುವ ಲೋಹದ ಜೀರುಂಡೆ, ತಾಳ ತಪ್ಪುತ್ತ ಹೋದರೆ ಚೂರು ಚೂರು. ಮಾಡಿದವರೇ ಅದನ್ನು 'ಲಯದ ಹಿಂಸೆ' ಎಂದು ಕರೆದುಕೊಂಡಿದ್ದಾರೆ. ಹುಡುಗ ಎರಡನೇ ಹಂತ ದಾಟಲಿಲ್ಲ. "ಗೇಮಿನ ತಾಳಾನೇ ತಪ್ಪದ" ಎಂದು ಘೋಷಿಸಿದ. ಅವನ ಸೋದರಮಾವ ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಹಲಗಿ ಬಾರಿಸುವವರು. ಬಾರಿಸುವ ಮುಂಚೆ ಅವರು ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗಿಯ ಚರ್ಮವನ್ನು ಅದರ ಮೇಲೆ ಹಿಡಿದು, ಸರ್ರನೆ ತಿರುಗಿಸಿ, ಬೆರಳಿನಿಂದ ತಟ್ಟಿ ಕೇಳಿ, ಸಾಲದೆನಿಸಿದರೆ ಮತ್ತೆ ಕಾಯಿಸುತ್ತಾರೆ. ಸುತ್ತ ನೂರು ಮಂದಿ 'ಹೊಡೀರಿ, ಹೊಡೀರಿ' ಎಂದು ಕೂಗುತ್ತಿದ್ದರೂ ಗಡಿಬಿಡಿ ಇಲ್ಲ. ಅವರು ಅಳಿಯನ ಕಿವಿಯಲ್ಲಿದ್ದ ಬ್ಲೂಟೂತ್ ಕಡೆ ನೋಡಿ ಕೇಳಿದ್ದು ಇಷ್ಟೇ: "ಲೇ, ಇದನ್ನ ಕಾಸಿದೇನು?"

ಹುಡುಗ ನಕ್ಕ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಅಗ್ಗದ ಬ್ಲೂಟೂತ್ ಸದ್ದನ್ನು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಕಿವಿಗೆ ಮುಟ್ಟಿಸಬಹುದು. ಕಣ್ಣು ಒಂದು ಹೇಳುತ್ತದೆ, ಕಿವಿ ಆಮೇಲೆ ಹೇಳುತ್ತದೆ, ಬೆರಳು ಎರಡನ್ನೂ ನಂಬಿ ಕೆಡುತ್ತದೆ. ಬಹಳಷ್ಟು ತಾಳದ ಗೇಮುಗಳ ಸೆಟ್ಟಿಂಗಿನಲ್ಲಿ ಈ ವಿಳಂಬವನ್ನು ಹೊಂದಿಸಿಕೊಳ್ಳಲು ಒಂದು ಕಡ್ಡಿ ಇಟ್ಟಿರುತ್ತಾರೆ. ಇಲ್ಲದಿದ್ದರೆ ವೈರಿನ ಹೆಡ್‌ಫೋನು ತಂದರಾಯಿತು. ಸೆಟ್ಟಿಂಗು ತೆರೆದು ನೋಡುವ ಹೊತ್ತಿನಲ್ಲಿ ಮಾತ್ರ ಯಾರಿಗೂ ಅಭಿಪ್ರಾಯ ಹುಟ್ಟುವುದಿಲ್ಲ. ಅದೇ ಕಷ್ಟ.

ಬೀಟ್ ಹಝಾರ್ಡಿನ ಬಗ್ಗೆ ಮೂರೂ ಊರಿನವರು ಒಮ್ಮತದಿಂದ ಒಪ್ಪುವ ದೂರು ಇನ್ನೊಂದಿದೆ. "ಇದು ತಾಳದ ಗೇಮಾ, ಗುಂಡಿನ ಗೇಮಾ? ಆ ಕಡಿಗಿಲ್ಲ, ಈ ಕಡಿಗಿಲ್ಲ." ಪಬ್ಜಿ ಎಂಬ ಗುಂಡಿನ ಗೇಮಿನಲ್ಲಿ ಪಳಗಿದವನಿಗೆ, ಅಲ್ಲಿ ಗೆದ್ದಾಗ ಸಿಗುವ ಚಿಕನ್ ಡಿನ್ನರ್ ಇದರಲ್ಲಿ ಇಲ್ಲವೆಂಬ ಕೊರಗು. ಸಂಗೀತಪ್ರಿಯನಿಗೆ, ಬೀಟ್ ಹಝಾರ್ಡಿನಲ್ಲಿ ಗುಂಡಿ ಒತ್ತುವಾಗ ತಾಳ ನೋಡಬೇಕಾಗಿಯೇ ಇಲ್ಲ, ಹಾಗಾದರೆ ತಾಳ ಯಾಕೆ ಎಂಬ ಸಿಟ್ಟು. ಬೆರಕೆ, ಬೆರಕೆ ಎಂದು ಇಬ್ಬರೂ ಮೂಗು ಮುರಿಯುತ್ತಾರೆ. ಶುದ್ಧ ಸರಕು ಬೇಕಂತೆ ಇವರಿಗೆ.

ಯಾರಿಗೆ? ಕೃಷ್ಣಾ ಮಂಡಲದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಮಗ್ಗಿ ಕಲಿತು, ಹೊರಗೆ ಬಂದು ತೆಲುಗಿನಲ್ಲಿ ಬಸ್ಸಿನ ಬೋರ್ಡು ಓದಿ, ಉರ್ದುವಿನಲ್ಲಿ ಜಗಳಾಡಿ, ಮೂರನ್ನೂ ಕಲಸಿ ಮನೆಯಲ್ಲಿ ಮಾತಾಡುವವರಿಗೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯನ್ನು ಮೈಸೂರಿಗೆ ಸೇರಿಸುವಾಗ 'ಆಲಂಪುರ, ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು' ಎಂದು ಬರೆದರಲ್ಲ, ಆ ಗದ್ವಾಲದವರಿಗೆ. ಹೈದರಾಬಾದ್ ರಾಜ್ಯ ಹೋಗಿ ಆಂಧ್ರಪ್ರದೇಶವಾಯಿತು, 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ ಬಂತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಬಂತು. ಜನ ಕೂತಲ್ಲಿಂದ ಏಳಲಿಲ್ಲ. ಸರ್ಕಾರದವರು ಮಾತ್ರ ಅಂಗಡಿಯವರಂತೆ ವಿಭಾಗದ ಚೀಟಿ ಬದಲಿಸುತ್ತ ಹೋದರು. ಜನಗಣತಿಯವರು ಕೂಡ ಮಾತೃಭಾಷೆ ಒಂದನ್ನು ಬರೆದುಕೊಂಡು, ಬಲ್ಲ ಭಾಷೆ ಇನ್ನೆರಡಿದ್ದರೆ ಹೇಳಿ ಎಂದು ಕೇಳುತ್ತಾರೆ. ಬೆರಕೆಗೆ ಅಷ್ಟಾದರೂ ಮರ್ಯಾದೆ ಕೊಡುತ್ತಾರೆ. ನಮ್ಮ ಗೇಮಿನ ವಿಮರ್ಶಕರು ಅದನ್ನೂ ಕೊಡುವುದಿಲ್ಲ.

ಗದ್ವಾಲದ ಸೀರೆ ಇದೆಯಲ್ಲ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬೇರೆ ಜಾತಿಯ ನೂಲನ್ನು ಅಂಚಿನ ಗೆರೆಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತ ನೇಯಬೇಕು. ಕೂಡಿದ ಜಾಗ ಕೈಗೆ ಸಿಗಬಾರದು. ನೇಕಾರನ ಕಸುಬೆಲ್ಲ ಇರುವುದು ಆ ಗೆರೆಯ ಮೇಲೆಯೇ. ಮದುವೆ ಜವಳಿ ತರಲು ಹೋದ ಯಾರೂ ಅಂಗಡಿಯಲ್ಲಿ ನಿಂತು 'ಇದು ಹತ್ತಿಯಾ, ರೇಷ್ಮೆಯಾ, ಒಂದು ಕಡೆ ಹೇಳಿ' ಎಂದು ಗದರಿಸಿದ್ದನ್ನು ನಾನು ಕೇಳಿಲ್ಲ. ಬೀಟ್ ಹಝಾರ್ಡಿನಲ್ಲಿ ತಾಳ ಮತ್ತು ಗುಂಡು ಕೂಡುವ ಗೆರೆ ಗಟ್ಟಿಯಾಗಿದೆಯೇ, ಅಲ್ಲಲ್ಲಿ ಬಿಟ್ಟುಕೊಂಡಿದೆಯೇ ಎಂದು ಕೇಳಿದರೆ ಅದು ವಿಮರ್ಶೆ. ನನ್ನನ್ನು ಕೇಳಿದರೆ, ಅಲ್ಲಲ್ಲಿ ಬಿಟ್ಟುಕೊಂಡಿದೆ: ಹಾಡು ಬೇರೆಯಾದರೂ ಶತ್ರುಗಳ ಮುಖ ಅವೇ, ಬೆಳಕಿನ ಆರ್ಭಟದಲ್ಲಿ ನನ್ನ ನೌಕೆ ಎಲ್ಲಿದೆ ಎಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ಇದನ್ನು ಹೇಳಿದರೆ ಚಹಾದ ಬೆಂಚಿನವರಿಗೆ ರುಚಿಸುವುದಿಲ್ಲ. ಕಣ್ಣು ಉರಿಯುತ್ತದೆ ಎಂಬ ದೂರನ್ನು ಅವರೂ ಹೇಳುತ್ತಾರೆ ನಿಜ, ಅದೂ ನಡುರಾತ್ರಿಯವರೆಗೆ ಲೇಸರ್ ಲೈಟಿನ ಬರಾತಿನಲ್ಲಿ ಕುಣಿದು ಬಂದ ಮಾರನೇ ದಿನ.

ಬೆರಕೆಯೇನು ಹೊಸತೂ ಅಲ್ಲ. ಆಕಾಶಯುದ್ಧದ ಗೇಮುಗಳ ಹಿರಿಯರಲ್ಲೊಂದು ಸ್ಪೇಸ್ ಇನ್ವೇಡರ್ಸ್, 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಮಾಡಿದ್ದು. ಅದರಲ್ಲಿ ನಾಲ್ಕೇ ಸ್ವರ, ಮತ್ತೆ ಮತ್ತೆ ಅದೇ ನಾಲ್ಕು. ಶತ್ರುಗಳು ಸತ್ತು ಕಡಿಮೆಯಾದಂತೆ ಯಂತ್ರದ ಮೇಲಿನ ಭಾರ ಇಳಿದು ಉಳಿದವರು ಬೇಗ ಬೇಗ ಬರತೊಡಗಿದರು; ಇದು ಯಂತ್ರದ ಮಿತಿಯಿಂದ ಹುಟ್ಟಿದ ಆಕಸ್ಮಿಕ. ಆತ ಅದನ್ನು ತಿದ್ದದೆ ಹಾಗೇ ಬಿಟ್ಟ. ಸ್ವರಗಳೂ ಜೊತೆಗೆ ಓಡತೊಡಗಿದವು, ಆಡುವವನ ಎದೆಯೂ. ಆಗ ಇದು ಸಂಗೀತವೋ ಯುದ್ಧವೋ ಎಂದು ಯಾರೂ ಪಂಚಾಯಿತಿ ಸೇರಿಸಲಿಲ್ಲ. ಕಾಸು ಹಾಕಿ ಆಡಿದರು.

2019ರಲ್ಲಿ ಬೀಟ್ ಹಝಾರ್ಡ್ 2 ಬಂತು. ಅದಕ್ಕೆ ಹಾಡಿನ ಫೈಲೂ ಬೇಡ. ಕಂಪ್ಯೂಟರಿನಲ್ಲಿ ಯೂಟ್ಯೂಬೋ ಇನ್ನೊಂದೋ ಮೊಳಗುತ್ತಿದ್ದರೆ ಅದನ್ನೇ ಕೇಳಿಸಿಕೊಂಡು ಯುದ್ಧ ಹೂಡುತ್ತದೆ, ಹಾಡಿಗೊಂದು ಬೇರೆ ನೌಕೆಯನ್ನೂ ಕಟ್ಟಿಕೊಡುತ್ತದೆ. ಮಕ್ತಲದ ಪುಂಡರು ಸುಮ್ಮನಿರುತ್ತಾರೆಯೇ? ಹೈದರಾಬಾದಿನ ತೆಲುಗು ಚಾನಲ್ಲಿನ ಚರ್ಚೆಯನ್ನು ಹಚ್ಚಿ ಗೇಮಿನ ಮುಂದಿಟ್ಟರು. ಎಂಟು ಜನ ಒಟ್ಟಿಗೆ ಕಿರುಚುವ ಕಾರ್ಯಕ್ರಮ. ತೋಪು ಮೊದಲ ಕ್ಷಣದಿಂದ ಕೊನೆಯವರೆಗೂ ಬಾಯಿ ಮುಚ್ಚಲಿಲ್ಲ. ಆಮೇಲೆ ಭಾಷಾಭಿಮಾನದಿಂದ ಬೆಂಗಳೂರಿನ ಕನ್ನಡ ಚಾನಲ್ಲಿನ ಚರ್ಚೆ ಹಚ್ಚಿದರು. ಗೇಮಿಗೆ ಎರಡರ ನಡುವೆ ಯಾವ ವ್ಯತ್ಯಾಸವೂ ಕಾಣಿಸಲಿಲ್ಲ. ಈ ಚರ್ಚೆಗಳ ಬಗ್ಗೆ ಈವರೆಗೆ ಬಂದಿರುವ ನಿಷ್ಪಕ್ಷಪಾತ ಅಭಿಪ್ರಾಯ ಅದೊಂದೇ, ಅದೂ ಗೇಮು ಕೊಟ್ಟದ್ದು.

ಹಾಗಾಗಿ ಮೂರೂ ಊರಿನ ವಿಮರ್ಶಕ ಮಹಾಶಯರಲ್ಲಿ ಒಂದು ವಿನಂತಿ. ಹೆಬ್ಬೆರಳು ಕೆಳಗೆ ಮಾಡುವ ಮುಂಚೆ ಒಂದು ಸಲ ಹಾಡು ಬದಲಿಸಿ ನೋಡಿ. ಬರೆಯುವಾಗ ಯಾವ ಹಾಡು ಹಾಕಿದ್ದಿರಿ, ಕಿವಿಗೆ ಏನು ಸಿಕ್ಕಿಸಿಕೊಂಡಿದ್ದಿರಿ ಎಂಬುದನ್ನೂ ಬರೆಯಿರಿ, ಓದುವವರಿಗೆ ಉಪಕಾರವಾಗುತ್ತದೆ. ಅಷ್ಟಾದರೂ ಹಿಡಿಸದಿದ್ದರೆ, ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟಿರದಿದ್ದರೆ, ಸ್ಟೀಮಿನವರು ದುಡ್ಡು ವಾಪಸು ಕೊಡುತ್ತಾರೆ. ಪೆನ್ ಡ್ರೈವಿನವರಿಗೆ ಈ ಸೌಲಭ್ಯ ಇಲ್ಲ.